ನಾದಿನಿಯ ಆಟಕ್ಕೆ ನನ್ನ ತಂಬಿಗೆ

ಹಳೆಯ ನೋಟುಗಳು ರದ್ದಾದ ಆ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ನಾನು ನಡುಮನೆಯಲ್ಲಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದೆ. ಯಜಮಾನರೂ ಪಕ್ಕದಲ್ಲಿ ಕೂತಿದ್ದರು. ನಾನು ಒಂದು ಹಿಡಿ ಮುಗಿಸುವಷ್ಟರಲ್ಲಿ ಅವರು ನಾಲ್ಕು ಕಾಳು ಹಿತುಕಿ, ಅದರಲ್ಲೊಂದನ್ನು ಸೋಫಾದ ಕೆಳಗೆ ಹಾರಿಸಿರುತ್ತಿದ್ದರು. ಆದರೂ ಕೂತಿದ್ದರಲ್ಲ, ಅಷ್ಟು ಸಾಕು ಅಂತ ನನಗೆ.

ಆಗ ಮಹಡಿಯಿಂದ ನಾದಿನಿ ಇಳಿದು ಬಂದಳು. ಇವರ ಒಬ್ಬಳೇ ತಂಗಿ. ವಿದ್ಯಾರಣ್ಯಪುರದ ನಮ್ಮ ಮನೆಯ ಮಹಡಿಯಲ್ಲೇ ಒಬ್ಬಳೇ ಇರುತ್ತಾಳೆ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಬಂದವಳು ಕಾಳಿಗೆ ಕೈ ಹಾಕಲಿಲ್ಲ, ನಿಂತೇ ಹೇಳಿದಳು.

"ಅತ್ತಿಗೆ, ಇನ್ಮೇಲೆ ಶನಿವಾರ ಸಂಜೆ ಅಣ್ಣನ್ನ ನಮ್ ಆಟಕ್ಕೆ ಬಿಟ್ಕೊಡ್ಬೇಕು. ಕಾರ್ಡ್ ಬರ್ಕೊಟ್ರೆ ಸಾಲ್ದು, ಅವ್ನೂ ಆಡ್ಬೇಕು ಅಂತಿದಾರೆ ನನ್ ಫ್ರೆಂಡ್ಸ್ ಎಲ್ರೂ."

"ಶನಿವಾರ ದೇವಸ್ಥಾನಕ್ಕೆ ಹೋಗ್ತೀವಲ್ಲಮ್ಮ."

"ಬೆಳಗ್ಗೆ ಹೋಗ್ಬನ್ನಿ. ಆಂಜನೇಯ ಎಲ್ಲಿ ಓಡೋಗ್ತಾನೆ?"

"ಅವ್ನು ಸಮುದ್ರನೇ ಹಾರ್ದೋನು. ಓಡೋದ್ರೆ ನೀನ್ ಹಿಡ್ಕೊಡ್ತೀಯಾ?" ಅಂದೆ.

ಅವಳು ನಕ್ಕಳು. ಇವರೂ ನಕ್ಕರು. ತಂಗಿ ನಕ್ಕ ಮೇಲೆ ನಕ್ಕರು, ನಾನು ಹೇಳಿದ್ದಕ್ಕಲ್ಲ. ಬರುತ್ತೇನೆ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ. ಕೈ ಒರೆಸಿಕೊಂಡು ಅವಳ ಹಿಂದೆಯೇ ಮೆಟ್ಟಿಲು ಹತ್ತಿದರು.

ಶನಿವಾರದ ವಿಷಯ ಸ್ವಲ್ಪ ಹೇಳಬೇಕು. ಇವರು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಕಾರ್ಖಾನೆ ಸೊರಗಿದಾಗ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದರು. ಬಂದ ಮೇಲೆ ಮಾತು ಕಡಿಮೆಯಾಯಿತು. ಊಟ ಬಡಿಸಿದರೆ ಉಂಡರು, ಕಾಫಿ ಕೊಟ್ಟರೆ ಕುಡಿದರು. ಶನಿವಾರ ಸಂಜೆ ಆಂಜನೇಯನ ಗುಡಿಗೆ ಇಬ್ಬರೂ ನಡೆದು ಹೋಗಿ, ತುಳಸಿಹಾರ ಕೊಟ್ಟು, ಪ್ರಸಾದ ತಿನ್ನುತ್ತಾ ಜಗಲಿಯ ಮೇಲೆ ಕೂತಾಗ ಮಾತ್ರ ನಾಲ್ಕು ಮಾತು ಆಡುತ್ತಿದ್ದರು. ತಮ್ಮ ಅಪ್ಪನ ಕಾಲದ ಬಾಗಲಗುಂಟೆ, ಅಲ್ಲಿನ ರಾಗಿ ಹೊಲ, ಬಾವಿ. ಕೇಳಿದ್ದನ್ನೇ ಕೇಳಿದರೂ ನನಗೆ ಬೇಜಾರಾಗುತ್ತಿರಲಿಲ್ಲ. ವಾರವೆಲ್ಲ ಆ ಒಂದು ಸಂಜೆಗೆ ಕಾಯುತ್ತಿದ್ದೆ.

ಇನ್ನು ಆ ಆಟ. ಚೌಕಾಬಾರದ ಹಾಗೆ ಅದಕ್ಕೆ ಮನೆಗಳಿಲ್ಲ. ನಾದಿನಿ ಒಂದು ಕಥೆ ಶುರುಮಾಡುತ್ತಾಳೆ: ಕಾಡು, ಗುಹೆ, ರಾಕ್ಷಸ, ನಿಧಿ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಅನ್ನುತ್ತಾರೆ. ಹಲವು ಮುಖದ ದಾಳ ಉರುಳಿಸಿ ಆಯಿತೋ ಇಲ್ಲವೋ ನೋಡುತ್ತಾರೆ. ಯಾರ ಚೀಲದಲ್ಲಿ ಹಗ್ಗ ಇದೆ, ಯಾರ ಹತ್ತಿರ ದೀಪ ಇದೆ ಎಂದು ಮೊದಲು ಕಾಗದದಲ್ಲಿ ಬರೆದುಕೊಂಡು ಅಳಿಸುತ್ತಿದ್ದರಂತೆ, ಪ್ರತಿ ಸಲ ಅದಕ್ಕೇ ಜಗಳವಂತೆ. ಒಂದೊಂದು ವಸ್ತುವಿಗೆ ಚಿತ್ರದ ಒಂದೊಂದು ಕಾರ್ಡು ಮಾಡಿದರೆ ಹೇಗೆ ಎಂದು ಹೊಳೆದದ್ದು ನಾದಿನಿಗೆ. ಕೈಯಲ್ಲಿ ಕಾರ್ಡಿದ್ದರೆ ವಸ್ತು ಇದೆ. ಬಳಸಿ ಮುಗಿದರೆ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಇನ್ನೊಬ್ಬರಿಗೆ ಕೊಟ್ಟರೆ ಕೊಟ್ಟ ಹಾಗೆ. ಅಂಗಡಿಯ ಕಾರ್ಡುಗಳಲ್ಲಿ ಇದ್ದದ್ದೆಲ್ಲ ಪರದೇಶದ ಸಾಮಾನು. ಅದಕ್ಕೇ ನಮ್ಮ ಕಡೆಯ ಸಾಮಾನು ಬರೆದುಕೊಡು ಎಂದು ಅಣ್ಣನಿಗೆ ಪೆನ್ಸಿಲ್ ತಂದುಕೊಟ್ಟಿದ್ದಳು.

ಅಲ್ಲಿಂದ ನನ್ನ ಅಡುಗೆಮನೆ ಖಾಲಿಯಾಗತೊಡಗಿತು. ಲಾಟೀನು ಹೋಯಿತು, ಇಕ್ಕಳ ಹೋಯಿತು, ಕಾಯಿ ಒಡೆಯುವ ಮಚ್ಚು ಹೋಯಿತು. ಎಲ್ಲವನ್ನೂ ಕಿಟಕಿಯ ಬೆಳಕಿಗೆ ಇಟ್ಟು ಬರೆಯುವುದು. ಒಂದು ದಿನ ನನ್ನ ಹಿತ್ತಾಳೆ ತಂಬಿಗೆಯನ್ನು ಮುಂದಿಟ್ಟುಕೊಂಡು ಬೆಳಗಿನ ತಿಂಡಿ ಆರುವ ತನಕ ಕೂತಿದ್ದರು. ಆ ಕಡೆಯಿಂದ ನೋಡುವುದು, ಈ ಕಡೆಗೆ ತಿರುಗಿಸುವುದು.

"ತಂಬಿಗೆ ಬರ್ಯೋಕೆ ಇಷ್ಟ್ ಹೊತ್ತೇನ್ರೀ?"

"ಕಂಠದ ಹತ್ರ ಒಂದು ನೆಗ್ಗು ಐತೆ, ನೋಡಿದ್ಯಾ? ಬೆಳಕು ಅಲ್ಲಿ ಬಂದು ಇಂಗೆ ಮುರಿಯುತ್ತೆ."

ಮದುವೆಯಾದಾಗಿನಿಂದ ಹುಣಸೆಹಣ್ಣು ಹಾಕಿ ಉಜ್ಜುತ್ತಿರುವವಳು ನಾನು. ನೆಗ್ಗು ನನಗೆ ಗೊತ್ತಿಲ್ಲವೇ? ಹಿಂದಿನ ವಾರವಷ್ಟೇ ತವರಿನವರು ಕೊಟ್ಟ ಹೊಸ ಸೀರೆ ಉಟ್ಟು ಅವರ ಎದುರಿಗೇ ಓಡಾಡಿದ್ದೆ. ಕಣ್ಣೆತ್ತಿರಲಿಲ್ಲ. ನನಗೆ ತಂಬಿಗೆಯ ಮೇಲೆ ಹೊಟ್ಟೆ ಉರಿಯಿತು. ಬೇರೆ ಯಾರ ಮೇಲೂ ಅಲ್ಲ ಎಂದರೆ ಸುಳ್ಳಾಗುತ್ತದೆ. ತಂಬಿಗೆಯ ಮೇಲೆ ಸ್ವಲ್ಪ, ನಾದಿನಿಯ ಮೇಲೆ ಬಹಳ. ಇಷ್ಟು ವರ್ಷ ಬಾಯಿ ಕಟ್ಟಿ ಕೂತ ಮನುಷ್ಯನನ್ನು ನಾನು ಎಷ್ಟು ಹರಕೆ ಹೊತ್ತರೂ ಎಬ್ಬಿಸಲಾಗಲಿಲ್ಲ. ಅವಳು ಒಂದು ಪೆನ್ಸಿಲ್ ಕೊಟ್ಟು ಎಬ್ಬಿಸಿಬಿಟ್ಟಳು.

ನಾದಿನಿ ಕೇಳಿಹೋದ ಆ ಶನಿವಾರ ಬಂತು. ಗುಡಿಗೆ ಒಬ್ಬಳೇ ಹೋದೆ. ಹೂವಿನಾಕೆ, "ಯಾಕಕ್ಕಾ, ಅಣ್ಣ ಬರ್ಲಿಲ್ವಾ? ಉಸಾರಿಲ್ವಾ?" ಅಂದಳು. "ಉಸಾರಾಗೇ ಇದಾರೆ. ಮನೇಲಿ ಗುಹೆ ಒಳಗೆ ಕೂತವ್ರೆ" ಅಂದೆ. ಅವಳು ಏನು ತಿಳಿದುಕೊಂಡಳೋ, ಒಂದು ಮೊಳ ಹೆಚ್ಚೇ ಹೂ ಕೊಟ್ಟಳು. ದೇವರ ಮುಂದೆ ಕೈ ಮುಗಿದಾಗ ಏನು ಕೇಳಬೇಕೆಂದು ತಿಳಿಯಲಿಲ್ಲ. ಆಟ ನಿಲ್ಲಿಸು ಎನ್ನಲು ಮನಸ್ಸು ಬರಲಿಲ್ಲ. ನಾದಿನಿಯ ಗೆಳೆಯರಲ್ಲಿ ಶನಿವಾರ ಮಾತ್ರ ಬಿಡುವು ಇರುವ ಗಡ್ಡದವನೊಬ್ಬನಿದ್ದ, ಅವನಿಗೋಸ್ಕರವೇ ಆಟ ಆ ದಿನ. ಅವನಿಗೊಂದು ನೆಗಡಿ ಕೊಡಪ್ಪ, ದೊಡ್ಡದೇನೂ ಬೇಡ, ಎಂದು ಕೇಳಿಕೊಂಡೆ.

ನೆಗಡಿ ಬರಲಿಲ್ಲ. ಮುಂದಿನ ಶನಿವಾರವೂ ಒಬ್ಬಳೇ ಹೋದೆ. ಮೂರನೆಯ ಶನಿವಾರ ಗುಡಿಯಿಂದ ಬಂದವಳು ಪ್ರಸಾದದ ಪುಳಿಯೋಗರೆ ಹಿಡಿದು ನೇರವಾಗಿ ಮಹಡಿಗೆ ಹತ್ತಿದೆ. ನಾದಿನಿ, ಗಡ್ಡದವನು, ಜಕ್ಕೂರಿನಿಂದ ಬರುವ ಗುಂಗುರು ಕೂದಲಿನ ಹುಡುಗಿ, ನಮ್ಮ ಯಜಮಾನರು, ಚಾಪೆಯ ಮೇಲೆ ಸುತ್ತ ಕೂತಿದ್ದರು. ಇವರ ಮುಂದೆ ಕಾರ್ಡುಗಳು ಸಾಲಾಗಿ ಇದ್ದವು: ಹಗ್ಗ, ಕಂಬಳಿ, ಸುಣ್ಣದಕಡ್ಡಿ, ನನ್ನ ಲಾಟೀನು, ನೆಗ್ಗಿದ ನನ್ನ ತಂಬಿಗೆ. ಎಲ್ಲರ ಸಾಮಾನನ್ನು ನೋಡಿಕೊಳ್ಳುವ ಪಾತ್ರವಂತೆ ಇವರದು.

"ಗುಹೆ ಇನ್ನೂ ಒಳಕ್ಕೆ ಹೋಗುತ್ತೆ. ದೀಪದ ಎಣ್ಣೆ ಮುಗೀತು" ಅಂದಳು ನಾದಿನಿ.

"ಅಯ್ಯೋ, ನಾವು ಸತ್ವಿ ಮಗಾ" ಅಂದ ಗಡ್ಡದವನು ಹುಡುಗಿಗೆ.

ಇವರು ಮೆಲ್ಲಗೆ ಕಂಬಳಿಯ ಕಾರ್ಡಿನ ಅಡಿಯಿಂದ ಇನ್ನೊಂದು ಕಾರ್ಡು ಎಳೆದರು. ಎಣ್ಣೆ ಬುಡ್ಡಿ. "ಬೇಕಾಗ್ತದೆ ಅಂತ ಒಂದು ಎತ್ತಿಟ್ಟಿದ್ದೆ."

"ಗುರುವೇ! ನೀವಿಲ್ದಿದ್ರೆ ನಮ್ ಕಥೆ ಅಷ್ಟೇ!" ಎಂದು ಅವನು ಇವರ ಕಾಲು ಮುಟ್ಟಲು ಹೋದ. ಹುಡುಗಿ ಚಪ್ಪಾಳೆ ತಟ್ಟಿದಳು.

ನನಗೆ ತಡೆಯಲಾಗಲಿಲ್ಲ. "ಗುಹೇಲಿ ಎಣ್ಣೆ ಎತ್ತಿಡ್ತೀರಾ. ಮನೇಲಿ ಕೊತ್ತಂಬರಿ ಬೀಜ ಯಾವ ಡಬ್ಬೀಲಿದೆ, ಹೇಳಿ ನೋಡೋಣ?"

ಇವರು ತಲೆಯೆತ್ತಿ ನೋಡಿದರು. "ಅದಕ್ಕೆ ಕಾರ್ಡ್ ಇಲ್ವಲ್ಲೇ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾದಿನಿ ಜರುಗಿ ಜಾಗ ಮಾಡಿದಳು. "ಬನ್ನಿ ಅತ್ತಿಗೆ, ನೀವೂ ಆಡಿ. ನಿಮಗೊಂದು ಪಾತ್ರ ಕೊಡ್ತೀನಿ."

"ನನ್ ಪಾತ್ರೆ ಕೊಟ್ಟಿದೀನಲ್ಲಮ್ಮ, ಸಾಕು. ನಾನು ಆಡೋಕೆ ಬಂದಿಲ್ಲ. ಇವ್ರನ್ನ ಕೇಳೋಕೆ ಬಂದೆ." ಪುಳಿಯೋಗರೆ ಕೆಳಗಿಟ್ಟೆ. "ಶನಿವಾರ ಸಂಜೆ ನನಗೆ ಬೇಕು. ಮಿಕ್ಕಿದ ಆರು ದಿನದಲ್ಲಿ ಯಾವ್ದಾದ್ರೂ ಇಟ್ಕೊಳ್ಳಿ."

ನಾದಿನಿ ಅಣ್ಣನ ಮುಖ ನೋಡಿದಳು. ನಾನೂ ನೋಡಿದೆ. ಅವರು ಕಾರ್ಡುಗಳ ಅಂಚು ಸರಿಮಾಡುತ್ತಾ ಕೂತರು. ಇವತ್ತು ತಂಗಿಯ ಕಡೆಗೆ ಮಾತು ಹೋದರೆ ಮತ್ತೆಂದೂ ಕೇಳುವುದಿಲ್ಲ ಎಂದುಕೊಂಡೆ.

"ಭಾನ್ವಾರ ಮಾಡ್ಕೊಳ್ಳೋಣ ಕಣಯ್ಯ" ಎಂದರು ಇವರು, ಗಡ್ಡದವನಿಗೆ.

"ಭಾನುವಾರ ಮನೇಲಿ ಬಟ್ಟೆ ಒಗೀಬೇಕಣ್ಣ ನಾನು."

"ಬೆಳಗ್ಗೆ ಒಗಿ. ಸಂಜೆ ಬಾ." ಆಮೇಲೆ ನನ್ನ ಕಡೆ ತಿರುಗಿ, ಸಂಕೋಚದಿಂದ, "ಇದೊಂದ್ ಗುಹೆ ಮುಗಿಸ್ಬಿಡ್ಲಾ? ದೀಪ ನನ್ ಕೈಲೈತೆ" ಎಂದರು.

ಮುಗಿಸಿ ಎಂದೆ. ಮುಗಿಯುವ ತನಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ನಾದಿನಿ ಪುಳಿಯೋಗರೆಯನ್ನು ಎಲ್ಲರಿಗೂ ಹಂಚಿದಳು, ನನಗೆ ಮೊದಲು ಕೊಟ್ಟಳು. ಕೋಪವಿದ್ದರೂ ತೋರಿಸಲಿಲ್ಲ. ಅದಕ್ಕೂ ನನಗೆ ಸ್ವಲ್ಪ ಉರಿಯಿತು.

ಮುಂದಿನ ಶನಿವಾರ ಇಬ್ಬರೂ ಗುಡಿಗೆ ಹೊರಟೆವು. ಬೀದಿಯ ತಿರುವಿನಲ್ಲೇ ಇವರು ಮಾತು ಶುರುಮಾಡಿದರು. ಅಂದುಕೊಂಡದ್ದು ಬಾಗಲಗುಂಟೆಯ ಬಾವಿ, ಬಂದದ್ದು ಗುಹೆ. ಹಗ್ಗ ಯಾರಿಗೆ ಕೊಡಬೇಕು, ಗಡ್ಡದವನು ಹೇಗೆ ಎಲ್ಲ ದುಂದು ಮಾಡುತ್ತಾನೆ, ಹೊಳೆ ದಾಟಲು ಇನ್ನೇನು ಬರೆಯಬೇಕು. "ಅವಳ ತಲೆ ನೋಡು, ಯಾವ್ ಸಾಮಾನೂ ಸುಮ್ನೆ ಇಡಲ್ಲ ಕಣೇ ಕಥೇಲಿ" ಎಂದು ತಂಗಿಯ ಗುಣಗಾನ. ಗುಡಿಯ ತನಕ ಅದೇ. ಪ್ರದಕ್ಷಿಣೆಯಲ್ಲಿ ತುಟಿ ಅಲ್ಲಾಡುತ್ತಿತ್ತು. ಸ್ತೋತ್ರವಿರಬೇಕು ಎಂದು ಕೇಳಿದರೆ, "ಇನ್ನೊಂದು ಹಗ್ಗ ಬೇಕಾಗ್ತದೆ" ಅಂದರು.

ಬೇಕೆಂದ ಶನಿವಾರ ದೇವರು ಕೊಟ್ಟ, ನಾದಿನಿಯನ್ನೂ ಅದರೊಳಗೇ ಇಟ್ಟು ಕೊಟ್ಟ. ಜಗಲಿಯ ಮೇಲೆ ಕೂತು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಬಂದಿದ್ದಾರೆ. ಬಾಯಿ ತುಂಬ ಮಾತಾಡುತ್ತಿದ್ದಾರೆ. ಮುಖದಲ್ಲಿ ಕಳೆ ಇದೆ. ಹೂವಿನಾಕೆ, "ಅಣ್ಣ ಉಸಾರಾದ್ರಾ?" ಎಂದು ಕೇಳಿದಾಗ ಹೌದು ಎಂದು ಸುಳ್ಳಿಲ್ಲದೆ ಹೇಳಿದೆ. ಇಷ್ಟು ದೊಡ್ಡ ಉಪಕಾರ ನನ್ನ ಕೈಯಿಂದ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬುದೊಂದು ಮಾತ್ರ ಗಂಟಲಲ್ಲಿ ಉಳಿಯಿತು. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮನೆಗೆ ಬಂದೊಡನೆ ಇವರು ಚಪ್ಪಲಿ ಬಿಟ್ಟು, ಅದೇನೋ ಹೊಳೆಯಿತೆಂದು ತಂಗಿಗೆ ಹೇಳಲು ಮೆಟ್ಟಿಲು ಹತ್ತಿದರು. ನಾನು ದೇವರಿಗೆ ದೀಪ ಹಚ್ಚಿ, ಅಡುಗೆಮನೆಗೆ ಹೋಗಿ, ನೆನೆದ ಅಕ್ಕಿ ಉದ್ದು ಬಸಿದು ಗ್ರೈಂಡರಿಗೆ ಹಾಕಿದೆ.