ಸ್ನಾನದ ಸ್ಟಾಪು

ನಮ್ಮ ಚಿಕ್ಕಪ್ಪ ಕೆಂಪನಂಜಪ್ಪ ಖಾಸಗಿ ಬಸ್ಸಿನ ಕಂಡಕ್ಟರು. ಕೊಳ್ಳೇಗಾಲದಿಂದ ರಾಮಾಪುರದವರೆಗೆ ಹದಿನೆಂಟು ವರ್ಷ ಟಿಕೆಟ್ ಹರಿದವರು. 1992ರಲ್ಲಿ ಬಸ್ಸಿನ ಮೇಲೆ ರಾಗಿ ಮೂಟೆ ಹಾಕಲು ಹೋಗಿ ಏಣಿಯಿಂದ ಬಿದ್ದರು. ತಲೆಗೆ ಪೆಟ್ಟು. ಜೀವ ಉಳಿಯಿತು, ಆದರೆ ಯಾವ ಕೆಲಸದ ನಂತರ ಯಾವುದು ಎಂಬುದೇ ಮರೆತುಹೋಯಿತು. ಅಂಗಿ ತೊಟ್ಟು ಸ್ನಾನಕ್ಕೆ ಕೂರುವರು, ತಟ್ಟೆ ತೊಳೆದಿಟ್ಟು ತಿಂಡಿ ಕೇಳುವರು.

ಮೈಸೂರಿನ ಡಾಕ್ಟರಮ್ಮ ಚಿತ್ರದ ಕಾರ್ಡುಗಳನ್ನು ತೋರಿಸಿ ಅಭ್ಯಾಸ ಮಾಡಿಸಿದರು. ಹಡಗಿನ ಚಿತ್ರ ನೋಡಿ ಚಿಕ್ಕಪ್ಪ, "ಇದ್ಕೆ ಪರ್ಮಿಟ್ ಎಲ್ಲಿಂದ ಎಲ್ಲಿಗೆ ಡಾಕ್ಟ್ರಮ್ಮ?" ಅಂದರು. ಆಕೆ ಬುದ್ಧಿವಂತೆ. ಕಾರ್ಡು ಒಳಗಿಟ್ಟು ಬಸ್ಸಿನ ರೂಟು ಕೇಳಿದರು. ಚಿಕ್ಕಪ್ಪ ತಡವರಿಸದೆ ಒಪ್ಪಿಸಿದರು: ಕೊಳ್ಳೇಗಾಲ, ಮಧುವನಹಳ್ಳಿ, ಕಾಮಗೆರೆ, ಹನೂರು, ರಾಮಾಪುರ.

"ಚನ್ನಾಜಮ್ಮ, ಇವರ ದಿನಚರೀನೆಲ್ಲ ಈ ರೂಟಿಗೇ ಕಟ್ಟಿ," ಎಂದರು ಚಿಕ್ಕಮ್ಮನಿಗೆ.

ಚಿಕ್ಕಮ್ಮ ಕಟ್ಟಿದಳು. ಹಲ್ಲುಜ್ಜುವುದು ಕೊಳ್ಳೇಗಾಲ, ಸ್ನಾನ ಮಧುವನಹಳ್ಳಿ, ಬಟ್ಟೆ ಕಾಮಗೆರೆ, ತಿಂಡಿ ಹನೂರು. ಹೆಂಡತಿಗೆ ಹೇಳಿ ಹೊರಡುವುದು ರಾಮಾಪುರ. ಒಂದು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಚಿಕ್ಕಪ್ಪ ಮಧ್ಯಾಹ್ನದವರೆಗೂ ಬಚ್ಚಲ ಬಾಗಿಲಲ್ಲೇ ಕೂತಿದ್ದರು. "ಇವತ್ತು ಎಕ್ಸ್‌ಪ್ರೆಸ್ಸು ಕಣ್ರಿ, ಮಧುವನಹಳ್ಳೀಲಿ ನಿಲ್ಸಂಗಿಲ್ಲ," ಎಂದು ಚಿಕ್ಕಮ್ಮ ಹೇಳಿದ ಮೇಲೇ ಎದ್ದದ್ದು.

ವರ್ಷ ಕಳೆದು ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಕೆಲಸ ಕೇಳಲು ಹೋದಾಗ ಬಸ್ಸಿನ ಮಾಲೀಕ ಸಿದ್ದಮಲ್ಲಪ್ಪ, "ಒಂದು ಟ್ರಿಪ್ ನೋಡ್ತೀನಿ. ಎಡವಟ್ಟಾದ್ರೆ ಮನೇಲಿರು. ಎಂಡ್ತಿ ಜೊತೇಲಿ ಬರಂಗಿಲ್ಲ," ಎಂದ. ಕಲ್ಲಿನಂಥ ಮನುಷ್ಯ. ಕಂಡಕ್ಟರಿನ ಚರ್ಮದ ಚೀಲವಿಲ್ಲದೆ ಚಿಕ್ಕಪ್ಪ ಒಣಗಿಹೋಗಿದ್ದರು. ಅವರಿಗೆ ಆ ಕೆಲಸ ಬೇಕೇ ಬೇಕಿತ್ತು.

ಹನೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾನು ಅಂದು ರಜೆ ಹಾಕಿ ಬಸ್ಸು ಹತ್ತಿದೆ. ಚಿಕ್ಕಮ್ಮ ಮುಖದ ತುಂಬ ಸೆರಗು ಎಳೆದುಕೊಂಡು ಕೊನೆಯ ಸೀಟಿನಲ್ಲಿ ಕೂತಿದ್ದಳು. ಚಿಕ್ಕಪ್ಪ ಗುರುತು ಹಿಡಿಯದೆ ಅವಳಿಗೂ ಟಿಕೆಟ್ ಹರಿದರು. ಮಾಲೀಕ ಮುಂದೆ ಡ್ರೈವರ್ ಪಕ್ಕದಲ್ಲಿದ್ದ.

ಮಧುವನಹಳ್ಳಿ ಬಂತು. ಚಿಕ್ಕಪ್ಪ ಸೀಟಿ ಊದಿ, "ಸ್ನಾನ, ಸ್ನಾನ, ಯಾರ್ರೀ ಇಳಿಯೋರು?" ಅಂದರು.

"ನಂದು ಬೆಳಿಗ್ಗೇನೇ ಆಯ್ತು ಕಣಪ್ಪ," ಎಂದ ಒಬ್ಬ ಅಜ್ಜ, ಇಳಿಯುತ್ತ. ನಾನು ಮಾಲೀಕನ ಕಡೆ ನೋಡಿದೆ. ಕಾಮಗೆರೆಯಲ್ಲಿ "ಬಟ್ಟೆ" ಅಂದರು. ಹನೂರಿನಲ್ಲಿ "ತಿಂಡಿ" ಅಂದಾಗ ಮಾತ್ರ ಯಾರೂ ತಕರಾರು ಮಾಡಲಿಲ್ಲ. ಆದರೆ ಟಿಕೆಟ್ಟು, ಚಿಲ್ಲರೆ ಒಂದೂ ತಪ್ಪಲಿಲ್ಲ, ಒಬ್ಬರೂ ಬೇರೆ ಊರಲ್ಲಿ ಇಳಿಯಲಿಲ್ಲ.

ರಾಮಾಪುರದಲ್ಲಿ ಬಸ್ಸು ಬಹುತೇಕ ಖಾಲಿಯಾಯಿತು. ಚಿಕ್ಕಪ್ಪ ಬಾಗಿಲಲ್ಲಿ ನಿಂತು, ಯಾರನ್ನೂ ನೋಡದೆ, ದಿನದ ಪದ್ಧತಿಯಂತೆ ಕೂಗಿದರು: "ಚನ್ನಾಜಿ, ಓಗ್ಬತ್ತೀನಿ ಕಣಮ್ಮಿ."

"ಉಸಾರು, ಓಗ್ಬನ್ನಿ," ಎಂದಿತು ಕೊನೆಯ ಸೀಟು.

ಸಿದ್ದಮಲ್ಲಪ್ಪ ತಿರುಗಿ ನೋಡಿದ. ಚಿಕ್ಕಮ್ಮ ಸೆರಗಿನೊಳಗೇ ಅಳುತ್ತಿದ್ದಳು. ಅವನು ಮೀಸೆ ನೀವಿಕೊಂಡ.

"ನಾಳೆಯಿಂದ ನೀವು ಬರಬ್ಯಾಡಿ ಕಣವ್ವ," ಎಂದ. "ಇವರೊಬ್ರೇ ಬರ್ಲಿ."