ತಿದ್ದಿಕೊಳ್ಳುವಷ್ಟು ಹೊತ್ತು

ಅರಿಜೋನದ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ದೂರದರ್ಶಕ ತಿರುಗಿಸುವುದು ಆರಿನ್ ಟ್ಯಾಕೆಟ್‌ನ ಕೆಲಸ. ವರ್ಷಗಟ್ಟಲೆ ನಿದ್ದೆಗೆಟ್ಟು ಮನುಷ್ಯ ಹಣ್ಣಾಗಿದ್ದ. ಕಳೆದ ಚಳಿಗಾಲದಿಂದ ಬಲಗೈ ಬೇರೆ ನಡುಗುತ್ತಿತ್ತು. ಗೊತ್ತಾದರೆ ಕುರ್ಚಿ ಬಿಡಿಸುತ್ತಾರೆಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅವನ ಮಾನ ಉಳಿಸಿದ್ದು ಫೋರ್ತ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ದೂರದರ್ಶಕ ನಡೆಸುವ ಕಂಪ್ಯೂಟರ್. ಒತ್ತಿದ ಅಕ್ಷರವನ್ನು ಪರದೆಯಲ್ಲಿ ತೋರಿಸಿ, ತನ್ನಲ್ಲಿಟ್ಟುಕೊಂಡು ಸುಮ್ಮನಿರುತ್ತಿತ್ತು. ತಪ್ಪಿದರೆ ಅಳಿಸಬಹುದು. ರಿಟರ್ನ್ ಗುಂಡಿ ಒತ್ತಿದ ಮೇಲೆಯೇ ಸಾಲನ್ನು ಪದಪದವಾಗಿ ಬಿಡಿಸಿ, ಗೊತ್ತಿದ್ದದ್ದನ್ನು ಮಾಡಿ, ಗೊತ್ತಿಲ್ಲದ್ದರ ಮುಂದೆ ಪ್ರಶ್ನೆಚಿಹ್ನೆ ಹಾಕುತ್ತಿತ್ತು. ಕಟ್ಟಿಕೊಂಡ ಹೆಂಡತಿಯೂ ಅವನ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿದವಳಲ್ಲ.

ಪ್ರೋಗ್ರಾಂ ಬರೆಯುವ ಮಾರ್ಲಿಸ್ ಅದನ್ನೇ ಬದಲಿಸಿಬಿಟ್ಟಳು.

"ಇನ್ಮೇಲೆ ಸಾಲುಗೀಲು ಏನೂ ಬೇಡ ಆರಿನ್. ಈಸ್ಟ್‌ನ 'ಇ' ಒತ್ತಿದ್ರೆ ಪೂರ್ವಕ್ಕೆ ಒಂಚೂರು ಜರುಗತ್ತೆ. ಒತ್ತಿದ ತಕ್ಷಣ ಕೆಲಸ!"

ಸಂಜೆ ಬೆಳಕಿದ್ದಾಗಲೇ ಪರೀಕ್ಷೆ. ದೂರದ ಮೂಲೆಯಲ್ಲಿ ದುರಸ್ತಿ ಕೆಲಸದ ಕ್ಲೀಟ್ ಏಣಿ ಹತ್ತಿ ಬಲ್ಬ್ ಹಾಕುತ್ತಿದ್ದ. ಜರುಗುವುದು ಒಂಚೂರು ತಾನೇ ಎಂದು ಯಾರೂ ಅವನನ್ನು ಇಳಿಸಲಿಲ್ಲ. ಆರಿನ್ ಒತ್ತಿದ. ಅಷ್ಟು ಭಾರದ ಯಂತ್ರ ಹೊರಡುವುದರೊಳಗೆ ಅವನ ಬೆರಳು ಗುಂಡಿಯ ಮೇಲೆ ಪಟಪಟ ಬಡಿಯಿತು. ಬಂದ ಅಕ್ಷರಗಳೆಲ್ಲ ಒಳಗೆ ಸರದಿ ನಿಂತವು. ದೂರದರ್ಶಕ ಒಂದೊಂದನ್ನೂ ಪಾಲಿಸುತ್ತ ಪೂರ್ವಕ್ಕೆ, ಇನ್ನೂ ಪೂರ್ವಕ್ಕೆ, ಏಣಿಯ ಕಡೆಗೇ ನಡೆಯಿತು.

"ಏಯ್! ನನ್ನ ಕೆಡವ್ತೀರೇನ್ರೋ!"

ಮಾರ್ಲಿಸ್ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಗುದ್ದಿದಳು. ಏಣಿಗೆ ಗೇಣುದ್ದ ಉಳಿದಿತ್ತು.

"ಎಷ್ಟು ಸಲ ಒತ್ತಿದ್ರಿ?"

"ನಾನು ಒತ್ತಿದ್ದು ಒಂದೇ ಸಲ. ಉಳಿದಿದ್ದೆಲ್ಲ ಈ ಕೈ ಒತ್ತಿದ್ದು."

ಅವಳು ಆ ಕೈಯನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದಳು.

"ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿಹೋಯ್ತು ಮಾರಾಯ್ತಿ," ಎಂದ.

ಒಂದು ಲೋಟ ಕಾಫಿ ಆರುವಷ್ಟರಲ್ಲಿ ಅವಳು ಹಳೆಯ ಪ್ರೋಗ್ರಾಂ ಅನ್ನೇ ಮತ್ತೆ ಹಾಕಿದಳು. ಅಷ್ಟರಲ್ಲಿ ಕ್ಲೀಟ್ ಬೈದುಕೊಳ್ಳುತ್ತ ಇಳಿದು, ಏಣಿ ಹೊತ್ತು ಹೊರಗೆ ಹೋದ.

"ನಾನು ಯಾರಿಗೂ ಹೇಳಲ್ಲ. ಬನ್ನಿ, ಕೂತ್ಕೊಳ್ಳಿ," ಎಂದಳು ಮಾರ್ಲಿಸ್.

ಆರಿನ್ ಕೂತ. ಒಂದು ಸಾಲು ಹೊಡೆದ, ತಪ್ಪಾಯಿತು, ಅಳಿಸಿದ, ಮತ್ತೆ ಹೊಡೆದ. ಈಗ ಸಾಲು ಸರಿಯಾಗಿತ್ತು. ಕಂಪ್ಯೂಟರ್ ಎಂದಿನಂತೆ ಕಾಯುತ್ತಿತ್ತು. ಬೆರಳು ರಿಟರ್ನ್ ಗುಂಡಿಯವರೆಗೆ ಹೋಗಿ ಹಿಂದೆ ಬಂತು. ಹೊರಗೆ ಹೋಗಿದ್ದರೂ ಅವನ ಕಣ್ಣಿಗೆ ಕಾಣುತ್ತಿದ್ದದ್ದು ಆ ಏಣಿ ಮಾತ್ರ.

"ನೀನೇ ಒತ್ತು."

ಅವಳು ಒತ್ತಿದಳು. ದೂರದರ್ಶಕ ಹೇಳಿದಲ್ಲಿಗೆ ಹೋಗಿ ನಿಂತಿತು, ಪರದೆಯಲ್ಲಿ 'ಓಕೆ' ಎಂದು ಬಂತು. ಅಷ್ಟರಲ್ಲಿ ಆರಿನ್ ಎದ್ದು ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ್ದ.