ಮದ್ದಿನ ಅಬ್ದುಲಸಾಬನಿಗೆ ಗಾಳಿ ಪರೀಕ್ಷೆ

ಗಿಣಿಗೇರಾದ ಆಸುಪಾಸಿನ ಹಳ್ಳಿಗಳಲ್ಲಿ ಮದ್ದಿನ ಅಬ್ದುಲಸಾಬ ಗೊತ್ತಿಲ್ಲದವರಿಲ್ಲ. ಬಾಣ ಬಿರುಸು ಕಟ್ಟುವುದು ಅಜ್ಜನ ಕಾಲದಿಂದ ಅವನ ಮನೆಯ ಕಸುಬು. ಅವನು ಬಿಟ್ಟ ಬಾಣ ಮೇಲೇರಿ ಮೂರು ಬಣ್ಣಕ್ಕೆ ಒಡೆದರೆ ಜನ ಊಟ ಬಿಟ್ಟು ಹೊರಗೆ ಬರುತ್ತಿದ್ದರು. ಎಡಗೈಯ ಎರಡು ಬೆರಳು ಕಸುಬಿಗೇ ಹೋಗಿದ್ದವು. ಆ ಬಗ್ಗೆ ಅವನಿಗೆ ದುಃಖವಿರಲಿಲ್ಲ. ದುಃಖವಿದ್ದದ್ದು ಹೊಸ ನಿಯಮದ ಬಗ್ಗೆ.

ಹತ್ತು ಜನರೆದುರು ಮದ್ದು ಸುಡಬೇಕೆಂದರೆ ಈಗ ಹದಿನೆಂಟು ಪುಟದ ಅರ್ಜಿ. ಹತ್ತಿರ ಯಾವ ಹಕ್ಕಿ ಗೂಡು ಕಟ್ಟಿದೆ, ಬೂದಿ ಯಾವ ನೀರಿಗೆ ಬೀಳುತ್ತದೆ, ಸದ್ದಿಗೆ ಯಾರು ಬೆಚ್ಚುತ್ತಾರೆ, ಎಲ್ಲ ತುಂಬಬೇಕು. ಬೆಚ್ಚುವವರ ಕಾಲಮ್ಮಿಗೆ ಅವನು ‘ನನ್ನ ಹೆಂಡತಿ ತಾಜಬೀ’ ಎಂದು ಬರೆಸಿದ. ಅದಾದ ಮೇಲೆ ಅಧಿಕಾರಿ ಬಂದು ಊರ ಗಾಳಿ ಅಳೆಯಬೇಕು. ಅಂಕಿ ನೂರು ದಾಟಿದರೆ ಅನುಮತಿ ಇಲ್ಲ. ವರ್ಷಕ್ಕೆ ಒಂದು ಸಲವಾದರೂ ಮದ್ದು ಸುಡದವನ ಪರವಾನಗಿ ರದ್ದು. ವರ್ಷ ಮುಗಿಯಲು ಎಂಟೇ ದಿನ ಉಳಿದಿತ್ತು, ಕೈಯಲ್ಲಿದ್ದದ್ದು ಒಂದೇ ಕೆಲಸ: ಊರ ಕೆರೆ ತುಂಬಿದ ಸಂತೋಷಕ್ಕೆ ಪಂಚಾಯಿತಿ ಇಟ್ಟುಕೊಂಡ ಸಮಾರಂಭ.

ಅಧಿಕಾರಿ ಸಿದ್ದಲಿಂಗೇಶ ಯಂತ್ರ ತಂದು ಶಾಲೆಯ ಬಯಲಿನಲ್ಲಿಟ್ಟು ಚಹಾ ಕುಡಿಯಲು ಹೋದ. ಬರುವಷ್ಟರಲ್ಲಿ ಪಂಚಾಯಿತಿ ಅಧ್ಯಕ್ಷೆ ಶಾಂತಕ್ಕ ಯಂತ್ರಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹಾರ ಹಾಕಿ, ಊದಿನಕಡ್ಡಿಯ ಇಡೀ ಕಟ್ಟನ್ನೇ ಹೊತ್ತಿಸಿದ್ದಳು. ಸಾಲದ್ದಕ್ಕೆ ತಾಜಬೀ ಕೆಂಡದ ಮೇಲೆ ಲೋಬಾನದ ಹೊಗೆ ಹಾಕುತ್ತಿದ್ದಳು. ಹೊಸ ಟ್ರ್ಯಾಕ್ಟರ್ ಬಂದರೂ ಬೋರಿಗೆ ಮೋಟರ್ ಇಳಿಸಿದರೂ ಆ ಊರಲ್ಲಿ ಇದೇ ಪದ್ಧತಿ. ಅಂಕಿ ಒಂಬೈನೂರಕ್ಕೇರಿ ಯಂತ್ರ ಕಿರುಚುತ್ತಿತ್ತು.

“ಇದು ದೇವರಲ್ಲರೀ ಅಕ್ಕಾರ, ಮಷೀನು!” ಎಂದು ಸಿದ್ದಲಿಂಗೇಶ ತಲೆ ಚಚ್ಚಿಕೊಂಡ.

“ದೇವರಾಗಿದ್ರ ಎರಡ ಕಡ್ಡಿ ಹಚ್ಚತಿದ್ವಿರಿ,” ಎಂದಳು ಶಾಂತಕ್ಕ. “ಸರಕಾರದ್ದು ಅಂತ ಕಟ್ಟು ಹಚ್ಚೇವಿ.”

ಸಿದ್ದಲಿಂಗೇಶ ಒಳ್ಳೆಯವನು. ಯಂತ್ರದ ಕುಂಕುಮ ಒರೆಸಿಕೊಂಡು ಹೋಗಿ ಮರುದಿನ ಮತ್ತೆ ಬಂದ. ಆ ದಿನ ಊರಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಬೀಡಿ ಸೇದುವವರನ್ನು ಅಬ್ದುಲಸಾಬ ಊರಾಚೆಗೆ ಅಟ್ಟಿದ. ಆದರೂ ಅಂಕಿ ಇನ್ನೂರ ಎಂಬತ್ತು! ಎಲ್ಲರೂ ತಿರುಗಿ ಊರ ಪಕ್ಕದ ಉಕ್ಕಿನ ಕಾರ್ಖಾನೆಯ ಚಿಮಣಿಗಳನ್ನು ನೋಡಿದರು. ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕಪ್ಪಾಗುತ್ತದೆಂದು ಊರವರು ಏಳು ವರ್ಷದಿಂದ ಅರ್ಜಿ ಕೊಡುತ್ತಲೇ ಇದ್ದರು, ‘ಗಾಳಿ ಸಮಾಧಾನಕರವಾಗಿದೆ’ ಎಂಬ ಉತ್ತರ ಬರುತ್ತಲೇ ಇತ್ತು. ಚಿಮಣಿಗೆ ಬೇರೆ ನಿಯಮ, ಬಾಣಕ್ಕೆ ಬೇರೆ ನಿಯಮ.

“ಹವಾ ಆಗಲೇ ತುಂಬೈತ್ರಿ. ನಿಮ್ಮ ಇಪ್ಪತ್ತು ಮಿನಿಟಿನ ಹೊಗೀಗೆ ಜಾಗಾ ಇಲ್ಲ,” ಎಂದ ಸಿದ್ದಲಿಂಗೇಶ.

“ಅಂದ್ರ ನನ್ನ ಪಾಲಿನ ಹವಾನೂ ಅವರ ತಿಂದಾರೇನ್ರಿ ಸಾಹೇಬ್ರ?”

ಸಿದ್ದಲಿಂಗೇಶ ಅಬ್ದುಲಸಾಬನನ್ನು ಬದಿಗೆ ಕರೆದು ದನಿ ತಗ್ಗಿಸಿದ. “ಮಷೀನು ಕೆರಿ ಆಚಿ ದಂಡಿಗೆ ಇಡ್ತೀನ್ರಿ. ಅಲ್ಲಿಗೆ ಈ ಚಿಮಣಿ ಹೊಗಿ ಮುಟ್ಟಂಗಿಲ್ಲ. ಊರ ಹವಾ ಛಲೋ ಐತಿ ಅಂತ ಬರದು ಅನುಮತಿ ಕೊಡ್ತೀನಿ. ನಿಮ್ಮ ಲೈಸೆನ್ಸ್ ಉಳೀತೈತಿ.”

“ಇಲ್ಲೇ ಇಟ್ರ?”

“ಊರ ಹವಾ ಕೆಟ್ಟೈತಿ, ಮದ್ದು ಸುಡಬಾರದು ಅಂತ ಬರೀಬೇಕಾಗ್ತೈತಿ.”

“ಅದಕ್ಕ ಶಿಕ್ಕಾ ಒತ್ತತೀರೇನ್ರಿ?”

“ಒತ್ತಲೇಬೇಕಲ್ರಿ. ಶಿಕ್ಕಾ, ಸಹಿ, ತಾರೀಖು.”

ಅಬ್ದುಲಸಾಬ ಮೂರು ತಿಂಗಳು ಕೂತು ಕಟ್ಟಿದ ನಲವತ್ತು ಬಾಣ ಮನೆಯಲ್ಲಿದ್ದವು. ಪರವಾನಗಿ ಹೋದರೆ ಈ ವಯಸ್ಸಿನಲ್ಲಿ ಮತ್ತೆ ಸಿಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯ ಕಟ್ಟೆಯ ಮೇಲೆ ಕೂತಿದ್ದ ತಾಜಬೀ ಸೆರಗು ಬಾಯಿಗಿಟ್ಟು ಕೆಮ್ಮತೊಡಗಿದಳು. ಕೆಮ್ಮು ನಿಲ್ಲುವವರೆಗೂ ಅವನು ಅವಳನ್ನೇ ನೋಡಿದ.

“ಮಷೀನು ಇಲ್ಲೇ ಇರಲಿ ಬಿಡ್ರಿ ಸಾಹೇಬ್ರ,” ಎಂದ. “ಶಿಕ್ಕಾ ಮಾತ್ರ ಗಟ್ಟಿ ಒತ್ತರಿ. ಊರ ಮಂದಿಗೆಲ್ಲಾ ಅರ್ಜಿಗೆ ಹಚ್ಚಾಕ ಜೆರಾಕ್ಸ್ ಬೇಕಾಗ್ತೈತಿ.”